‘ಅಕ್ಕ’ ಎಂದು ಮುಗಿಯುವ ಫೈಲುಗಳು

"ಇನ್ನೊಂದು ಸಲ ಕೇಳಿಸಿ," ಎಂದಳು ಇನ್ಸ್‌ಪೆಕ್ಟರ್.

ಅಕ್ಕನ ಬೆರಳು ಕೀಬೋರ್ಡಿನ ಮೇಲೆ ತಡವುತ್ತ ಹೋಗಿ ಎಂಟರ್ ಕೀಲಿಯನ್ನು ಮುಟ್ಟಿತು. ಗುರುತಿಗೆಂದು ಅದರ ಮೇಲೆ ಒಂದು ಅಂಗಿಯ ಗುಂಡಿ ಅಂಟಿಸಿತ್ತು. ಅಂಟಿಸಿದ್ದವನು ತಮ್ಮ.

ಕಂಪ್ಯೂಟರಿನ ಹೆಣ್ಣು ದನಿ ಎಡವುತ್ತ ಎಡವುತ್ತ ಓದಿತು: "ಅಕ್ಕ. ನಿನು ಹೆಗಿದ್ದಿ. ನನು ಚನ್ನಗಿದ್ದಿನಿ. ಹದಿನೈದು ದಿನ ಬೆರೆ ಉರಲ್ಲಿ ಕೆಲಸ ಇದೆ. ಪೊನ್ ಸಿಗಲ್ಲ. ಎನು ಯೊಚನೆ ಮಡಬೆಡ."

"ಇದೇ ಕೊನೇದು," ಎಂದಳು ಅಕ್ಕ. "ಆ ಬುಧವಾರ ನಾಲ್ಕು ಗಂಟೆಗೆ ಕೇಳಿದೆ. ದಿನಾ ಅದೇ ಹೊತ್ತಿಗೆ ಬಂದು ಕೂತ್ಕೊಳ್ಳೋದು ನಾನು. ಕೇಳಿ, ನೆಮ್ಮದಿಯಾಗಿ ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿಟ್ಟೆ."

ಅದೇ ಬುಧವಾರ, ಆರು ಗಂಟೆ ಬಸ್ಸಿನ ದಾರಿಯ ಇನ್ನೊಂದು ಊರಿನಲ್ಲಿ, ಐದು ಮಹಡಿಯ ಬಟ್ಟೆ ಅಂಗಡಿಯ ಲಿಫ್ಟ್ ರಿಪೇರಿಗೆ ಹೋಗಿದ್ದ ತಮ್ಮ ಆ ಲಿಫ್ಟಿನ ಹೊಂಡದ ತಳದಲ್ಲಿ ಹೆಣವಾಗಿ ಸಿಕ್ಕಿದ್ದ. ಅದಾಗಿ ಆರು ವಾರ. ಕಾಲು ಜಾರಿ ಬಿದ್ದ ಎಂದು ಎಲ್ಲ ಕಾಗದವೂ ಬರೆದು ಮುಗಿದಿತ್ತು. ಬಾಕಿ ಇದ್ದದ್ದು ಒಂದೇ ಸಹಿ, ಈ ಇನ್ಸ್‌ಪೆಕ್ಟರಳದು. ಸ್ಟೇಷನ್ನಿನಲ್ಲಿ ಬೆನ್ನ ಹಿಂದೆ ಅವಳನ್ನು ‘ಇರುವೆ’ ಎನ್ನುತ್ತಿದ್ದರು. ಡಬ್ಬಿಗೆ ಎಷ್ಟೇ ಬಿಗಿಯಾಗಿ ಮುಚ್ಚಳ ಹಾಕಿದರೂ ಸಕ್ಕರೆ ಇರುವಲ್ಲಿಗೆ ಹೋಗಿ ಮುಟ್ಟುತ್ತಾಳೆ ಎಂದು.

ಇರುವೆ ಈಗ ಮೌಸನ್ನು ತನ್ನ ಕೈಗೆ ತೆಗೆದುಕೊಂಡಳು. ಅದೇ ಫೈಲಿನ ಮೇಲೆ ಬಲಗಡೆಯ ಗುಂಡಿ ಒತ್ತಿದಳು. ಪಟ್ಟಿ ಬಿಚ್ಚಿಕೊಂಡಿತು. ಎಲ್ಲಕ್ಕಿಂತ ಮೇಲೆ ಮೂರು ಸಾಲು, ಯಾರೋ ಕೈಯಾರೆ ಸೇರಿಸಿದ್ದು: ‘ಓದು’, ‘ನಿಧಾನವಾಗಿ ಓದು’, ‘ತಿದ್ದು’.

"ಇದೆಲ್ಲ ತಮ್ಮನವರು ಮಾಡಿಟ್ಟದ್ದಾ?"

"ಅವನೇ. ಮೂರು ದಿನ ರಜೆ ಹಾಕಿ ಬಂದು ಕೂತು ಮಾಡಿಕೊಟ್ಟ. ಅವನು ಬರೆದ ಕಾಗದದ ಹೆಸರೆಲ್ಲ ‘ಅಕ್ಕ’ ಅಂತಲೇ ಮುಗಿಯುತ್ತೆ. ಹಾಗೆ ಮುಗಿಯೋದು ಬಂತು ಅಂದ್ರೆ ಓದಿ ಹೇಳಬೇಕು ಅಂತ ಮಿಷನ್ನಿಗೆ ಕಲಿಸಿದ. ಲಿಫ್ಟ್ ರಿಪೇರಿ ಮಾಡೋನಿಗೆ ಇದ್ಯಾವ ಲೆಕ್ಕ ಬಿಡಿ."

ತಮ್ಮನಿಗೆ ಉಗ್ಗು. ಫೋನ್ ಎಂದರೆ ಪ್ರಾಣಸಂಕಟ. ಅಕ್ಕ ಇಪ್ಪತ್ತೆರಡು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು, ಐವತ್ತು ತುಂಬುವ ಮೊದಲೇ ಕಣ್ಣು ಕಳೆದುಕೊಂಡಳು. ಅವನಿಗೆ ಬಾಯಲ್ಲಿ ಮಾತು ಹೊರಡದು, ಇವಳಿಗೆ ಅಕ್ಷರ ಕಾಣದು. ಇಬ್ಬರ ನಡುವೆ ಇದ್ದದ್ದು ಈ ಕಂಪ್ಯೂಟರ್ ಒಂದೇ.

ಇನ್ಸ್‌ಪೆಕ್ಟರ್ ‘ತಿದ್ದು’ ಒತ್ತಿದಳು.

ಕಾಗದ ಪರದೆಯ ಮೇಲೆ ಅಕ್ಷರವಾಗಿ ತೆರೆದುಕೊಂಡಿತು. ಮೊದಲ ಸಾಲು ಓದುತ್ತಲೇ ಅವಳ ಕೈ ಮೌಸಿನ ಮೇಲೆ ಹಾಗೇ ನಿಂತಿತು.

"ಏನಾಯ್ತು?" ಎಂದಳು ಅಕ್ಕ. "ಉಸಿರು ಹಿಡಿದ್ರಲ್ಲ."

"ಇಲ್ಲಿ ಬರೆದಿರೋದು ಬೇರೆ ಇದೆ ಅಮ್ಮಾ."

"ಯಾವುದರಲ್ಲಿ?"

"ನೀವು ಈಗ ಕೇಳಿಸಿದ ಫೈಲಿನಲ್ಲೇ."

ಅಕ್ಕ ಕುರ್ಚಿಯನ್ನು ದನಿ ಬಂದ ಕಡೆಗೆ ತಿರುಗಿಸಿದಳು. ಆಮೇಲೆ, "ಓದಿ," ಎಂದಳು. "ಮಿಷನ್ ಬೇಡ. ನೀವೇ ಓದಿ."

ಇನ್ಸ್‌ಪೆಕ್ಟರ್ ಓದಿದಳು. ಓದದೆ ಉಳಿಯುವ ದಾರಿಯೇನೂ ಇರಲಿಲ್ಲ.

"ಅಕ್ಕಾ, ಈ ಲಿಪ್ಟಿನ ಹಗ್ಗ ಸವೆದಿದೆ. ಉಕ್ಕಿನ ಎಳೆ ಎಳೆಯೇ ಬಿಚ್ಚಿಕೊಂಡಿದೆ. ಎಲ್ಲಾ ಸರಿ ಇದೆ ಅಂತ ಸಹಿ ಹಾಕು ಅಂತಾರೆ. ಜನ ಸಾಯ್ತಾರೆ, ಹಾಕಲ್ಲ ಅಂದೆ. ನಿನ್ನೆಯಿಂದ ಇಬ್ಬರು ನನ್ನ ರೂಮಿನ ಎದುರಿಗೇ ನಿಂತಿರ್ತಾರೆ. ಬಯ ಆಗ್ತಿದೆ ಅಕ್ಕಾ. ಬಾವನ್ನ ಇವತ್ತೇ ಕಳಿಸು. ಒಬ್ಬನೇ ಹೊರಡೋಕೆ ದೈರ್ಯ ಇಲ್ಲ."

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಗೋಡೆಯ ಫ್ಯಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕತ್ತು ತಿರುಗಿಸಿತು.

"ಬಂದದ್ದು ಯಾವಾಗ?"

"ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ."

"ಹನ್ನೊಂದಕ್ಕೆ," ಎಂದಳು ಅಕ್ಕ. ಮತ್ತೆ ಅದನ್ನೇ ಮೆಲ್ಲಗೆ ಹೇಳಿಕೊಂಡಳು. ಅವಳ ಕೈ ಮೇಜಿನ ಅಂಚನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯಿತು. "ನಾನು ನಾಲ್ಕು ಗಂಟೆಗೆ ಬಟ್ಟೆ ಮಡಚ್ತಾ ಕೂತಿದ್ದೆ."

ಇನ್ಸ್‌ಪೆಕ್ಟರ್ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. ಇಂಥ ಹೊತ್ತಿನಲ್ಲಿ ಕೈಗೆ ಕೆಲಸ ಕೊಡುವುದು ಅವಳ ಅಭ್ಯಾಸ. ಠಾಣೆಗೆ ಬರುವ ಮುಂಚೆ ನಾಲ್ಕು ವರ್ಷ ಇಲಾಖೆಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದವಳು. ಯಾವ ಬಗೆಯ ಫೈಲಿಗೆ ಏನು ಮಾಡಬೇಕು ಎಂದು ಬರೆದಿಟ್ಟಿರುವ ಪಟ್ಟಿಯನ್ನು ತೆರೆದು ಕೆಳಗೆ ಕೆಳಗೆ ಹೋದಳು. ನೂರಾರು ಬಗೆ. ಚಿತ್ರಕ್ಕೆ ಒಂದು, ಹಾಡಿಗೆ ಒಂದು, ಲೆಕ್ಕಕ್ಕೆ ಒಂದು. ಎಲ್ಲ ಇಂಗ್ಲಿಷ್ ಅಕ್ಷರಗಳ ನಡುವೆ ಕನ್ನಡದಲ್ಲಿ ಒಂದೇ ಒಂದು: ‘.ಅಕ್ಕ’.

"ಅಮ್ಮಾ, ಒಂದು ಆಫೀಸಿನ ಬಾಗಿಲಲ್ಲಿ ಜವಾನ ಕೂತಿದ್ದಾನೆ ಅಂದ್ಕೊಳ್ಳಿ. ಈ ಚೀಟಿ ತಂದವರನ್ನ ಈ ಕೋಣೆಗೆ ಕರ್ಕೊಂಡು ಹೋಗು ಅಂತ ನಿಮ್ಮ ತಮ್ಮ ಅವನಿಗೆ ಹೇಳಿಟ್ಟಿದ್ರು. ಆಮೇಲೆ ಯಾರೋ ಬಂದು ಜವಾನನ ಕಿವಿಯಲ್ಲಿ ಬೇರೆ ಹೇಳಿದ್ದಾರೆ. ಚೀಟಿ ಅದೇ. ಕೋಣೆ ಬೇರೆ."

‘ಓದು’ ಎಂಬುದರ ಮುಂದೆ ಓದುವ ಪ್ರೋಗ್ರಾಮಿನ ಹೆಸರು ನೇರವಾಗಿ ಇರಬೇಕಿತ್ತು. ನಡುವೆ ಒಂದು ಪುಟ್ಟ ಆಜ್ಞೆಯ ಫೈಲು ತೂರಿಕೊಂಡಿತ್ತು. ಒಟ್ಟು ಏಳು ಸಾಲು. ಒತ್ತಿದ ಕಾಗದದ ಹೆಸರು ನೋಡು. ಅದೇ ಹೆಸರಿನದು ಇನ್ನೊಂದು ಫೋಲ್ಡರಿನಲ್ಲಿ ಇದ್ದರೆ ಅದನ್ನು ಓದು. ಇಲ್ಲದಿದ್ದರೆ ಮಾತ್ರ ಇದನ್ನು ಓದು. ‘ತಿದ್ದು’ವಿಗೆ ಯಾರೂ ಕೈ ಹಾಕಿರಲಿಲ್ಲ. ಕಣ್ಣಿಲ್ಲದವಳು ತಿದ್ದಲು ಹೋಗುವುದಿಲ್ಲವಲ್ಲ.

ಆ ಇನ್ನೊಂದು ಫೋಲ್ಡರಿನ ಹೆಸರು ‘ಹಳೆಯ ಪ್ರಶ್ನೆಪತ್ರಿಕೆಗಳು’.

ಒಳಗೆ ಹದಿನಾಲ್ಕು ಕಾಗದ. ಎಲ್ಲವೂ ‘ಅಕ್ಕ’ ಎಂದು ಮುಗಿಯುವವು.

ಅಷ್ಟರಲ್ಲಿ ಅಕ್ಕನ ಗಂಡ ತಟ್ಟೆಯಲ್ಲಿ ಎರಡು ಲೋಟ ನೀರು ಇಟ್ಟುಕೊಂಡು ಒಳಗೆ ಬಂದರು. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಬೀದಿಗೆಲ್ಲ ಅವರು ಮೇಷ್ಟ್ರು.

"ಮೇಷ್ಟ್ರೇ," ಎಂದಳು ಇನ್ಸ್‌ಪೆಕ್ಟರ್, "ಹಳೆಯ ಪ್ರಶ್ನೆಪತ್ರಿಕೆಗಳು ಯಾರವು?"

ನೀರು ತುಳುಕಿ ತಟ್ಟೆಗೆ ಬಿತ್ತು.

"ನನ್ನವೇ. ನೌಕರಿಯಲ್ಲಿದ್ದಾಗಿನವು."

"ಅದರಲ್ಲಿ ಪ್ರಶ್ನೆ ಒಂದೂ ಇಲ್ಲ. ಬರೀ ಉತ್ತರ ಇದೆ."

ಮೇಷ್ಟ್ರು ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಕೊನೆಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. "ಹೊರಗಡೆ ಹೋಗಿ ಮಾತಾಡೋಣ್ವಾ ಮೇಡಂ?"

"ಇಲ್ಲೇ ಮಾತಾಡಿ," ಎಂದಳು ಅಕ್ಕ. "ನನಗೆ ಹೋಗಿರೋದು ಕಣ್ಣು. ಕಿವಿ ಅಲ್ಲ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಇನ್ಸ್‌ಪೆಕ್ಟರಳ ಕಡೆ ನೋಡಲೇ ಇಲ್ಲ.

"ಎಂಟು ತಿಂಗಳ ಹಿಂದೆ ಇವಳಿಗೆ ಎದೆನೋವು ಬಂತು. ಹನ್ನೊಂದು ದಿನ ಆಸ್ಪತ್ರೆ. ಯಾವ ಕೆಟ್ಟ ಸುದ್ದಿಯೂ ಕಿವಿಗೆ ಬೀಳಬಾರದು ಅಂದ್ರು ಡಾಕ್ಟರು. ಮನೆಗೆ ಕರ್ಕೊಂಡು ಬಂದ ದಿನವೇ ಭಾಮೈದನ ಕಾಗದ ಬಂದಿತ್ತು. ಏಣಿಯಿಂದ ಬಿದ್ದು ಮೂರು ಪಕ್ಕೆಲುಬು ಮುರಿದಿದೆ, ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂತ ಬರೆದಿದ್ದ. ನಾನೇನು ಮಾಡಲಿ? ಬೆನ್ನು ಸ್ವಲ್ಪ ಹಿಡಿದಿದೆ ಅಂತ ಬರೆದೆ."

"ಆಮೇಲೆ?"

"ಆಮೇಲೆ ಅದೇ ರೂಢಿಯಾಯ್ತು. ಟೈಫಾಯ್ಡ್ ಬಂದದ್ದನ್ನ ನೆಗಡಿ ಮಾಡಿದೆ. ಕೆಲಸ ಹೋಯ್ತು ಅಂದದ್ದನ್ನ ರಜೆ ಮಾಡಿದೆ. ರಾತ್ರಿ ನಿದ್ದೆ ಬರಲ್ಲ ಅಂತ ಬರೆದಿದ್ದ ಒಂದು ಸಲ." ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಪುಸ್ತಕ ಓದ್ತಾ ಕೂತಿರ್ತೀನಿ ಅಂತ ಬರೆದೆ."

"ಅವರಿಗೆ ಸಹಾಯ ಮಾಡಿದ್ರಾ?"

"ಮಾಡಿದೆ. ಪಕ್ಕೆಲುಬು ಮುರಿದಾಗ ಒಬ್ಬನೇ ಹೋಗಿ ಅಲ್ಲಿನ ಆಸ್ಪತ್ರೆಯಲ್ಲೇ ನಾಲ್ಕು ದಿನ ಅವನ ಜೊತೆ ಇದ್ದು ಬಂದೆ. ಶಾಲೆಯವರ ಮೀಟಿಂಗ್ ಅಂತ ಇವಳಿಗೆ ಹೇಳಿದ್ದೆ. ಕೇಳಿ ಅವನನ್ನ..." ಎಂದವರು, ಕೇಳಲು ಈಗ ಅವನಿಲ್ಲ ಎಂಬುದು ನೆನಪಾಗಿ ಬಾಯಿ ಮುಚ್ಚಿದರು.

ಇನ್ಸ್‌ಪೆಕ್ಟರ್ ತನ್ನ ದನಿಯನ್ನು ಗಟ್ಟಿ ಮಾಡಿಕೊಂಡಳು. ಕರುಣೆಗೂ ವಿಚಾರಣೆಗೂ ಒಂದೇ ಕುರ್ಚಿ ಸಾಲದು.

"ಕೊನೆಯ ಕಾಗದದಲ್ಲಿ ಅವರು ನಿಮ್ಮನ್ನ ಕರೆದಿದ್ರು, ಮೇಷ್ಟ್ರೇ. ನಿಮ್ಮನ್ನೇ. ಬಾವನ್ನ ಇವತ್ತೇ ಕಳಿಸು ಅಂತ. ಅದನ್ನ ಏನು ಮಾಡಿದ್ರಿ?"

ಮೇಷ್ಟ್ರು ಮೊದಲ ಸಲ ಇನ್ಸ್‌ಪೆಕ್ಟರಳ ಕಡೆ ತಿರುಗಿದರು. "ನನ್ನನ್ನಾ?"

"ನಿಮ್ಮನ್ನೇ."

"ಅದನ್ನ ನಾನು ನೋಡೇ ಇಲ್ಲ! ಮೇಡಂ, ದೇವರಾಣೆ ನೋಡಿಲ್ಲ. ಆ ವಾರ ನನ್ನ ಕನ್ನಡಕದ ಗಾಜು ಒಡೆದಿತ್ತು. ಮಂಗಳವಾರ ಅಂಗಡಿಗೆ ಕೊಟ್ಟದ್ದು, ಶುಕ್ರವಾರ ಬಂತು. ಅದಿಲ್ಲದೆ ನನಗೆ ಪರದೆ ಮೇಲಿನ ಒಂದಕ್ಷರ ಕಾಣಲ್ಲ."

"ಹದಿಮೂರು ಬರೆದ ಕೈ ಹದಿನಾಲ್ಕನೇದನ್ನ ಬರೆದಿಲ್ಲ ಅಂದ್ರೆ ನಂಬೋದು ಹೇಗೆ?"

"ನಂಬಿ," ಎಂದಳು ಅಕ್ಕ. "ಅದನ್ನ ಬರೆದದ್ದು ಇವರಲ್ಲ."

ಇಬ್ಬರೂ ಅವಳ ಕಡೆ ತಿರುಗಿದರು.

"ನನ್ನ ತಮ್ಮ ಹುಟ್ಟಿದಾಗಿಂದ ಒಂದು ಸಾಲು ಸರಿಯಾಗಿ ಬರೆದವನಲ್ಲ. ದೀರ್ಘ ಇರೋ ಕಡೆ ಇರಲ್ಲ, ಮಹಾಪ್ರಾಣ ಅಂತೂ ಅವನ ಹತ್ತಿರ ಸುಳಿಯಲ್ಲ. ಅವನು ಬರೆದದ್ದನ್ನ ಬರೆದ ಹಾಗೇ ಮಿಷನ್ ಓದುತ್ತಲ್ಲ, ನನಗೆ ನಗು. ಅವನಿಗೆ ಮಾತಲ್ಲಿ ಉಗ್ಗು, ಮಿಷನ್ನಿಗೆ ಓದಲ್ಲಿ ಉಗ್ಗು. ಅವನೇ ಎದುರಿಗೆ ಕೂತು ಮಾತಾಡಿದ ಹಾಗಿರ್ತಿತ್ತು." ಅವಳ ಬೆರಳು ಕೀಲಿಯ ಮೇಲಿನ ಗುಂಡಿಯನ್ನು ಹುಡುಕಿ ಮುಟ್ಟಿತು. "ಎಂಟು ತಿಂಗಳ ಹಿಂದೆ ಒಂದು ಕಾಗದದಲ್ಲಿ ತಪ್ಪೇ ಇರಲಿಲ್ಲ. ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ಎಳೀಬೇಕಾದ ಕಡೆ ಎಳೆದು, ಮಿಷನ್ ಆಕಾಶವಾಣಿಯವರ ಹಾಗೆ ಓದಿಬಿಡ್ತು. ಅವತ್ತೇ ಗೊತ್ತಾಯ್ತು."

"ನಿನಗೆ ಗೊತ್ತಿತ್ತಾ?" ಮೇಷ್ಟ್ರ ದನಿ ಪಿಸುಮಾತಿಗಿಂತ ಕೆಳಗಿತ್ತು.

"ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದ ಕೈ ರೀ ಅದು. ಸುಳ್ಳು ಬರೆಯೋಕೆ ಬಂದ್ರೂ ತಪ್ಪು ಬರೆಯೋಕೆ ಬರಲ್ಲ."

ಮೇಷ್ಟ್ರು ಗೋಡೆಗೆ ಒರಗಿ, ಹಾಗೇ ಜಾರಿ ನೆಲದ ಮೇಲೆ ಕುಳಿತರು.

"ಯಾಕೆ ಹೇಳಲಿಲ್ಲ ನೀನು?"

"ಏನಂತ ಹೇಳಲಿ? ನಾನು ಬದುಕಿರಲಿ ಅಂತ ಹೊತ್ತು ಹೊತ್ತಿಗೆ ಕೂತು ಬರೀತಿದ್ರಿ. ಎರಡು ಬೆರಳಲ್ಲಿ ಟಕ್ ಟಕ್ ಅನ್ನೋದು ನನಗೆ ಅಡುಗೆಮನೆಗೆ ಕೇಳಿಸ್ತಿತ್ತು. ಅದನ್ನ ಕಸಿದುಕೊಳ್ಳೋಕೆ ಮನಸ್ಸಾಗಲಿಲ್ಲ. ಅಲ್ಲಿ ಅವನನ್ನ ನೀವು ನೋಡ್ಕೋತಿದ್ದೀರಿ ಅಂತ ನಂಬಿದ್ದೆ." ಅಕ್ಕ ಮೇಜಿನ ಅಂಚಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಕೊನೇದರಲ್ಲಿ ತಪ್ಪಿತ್ತು. ಸಾಲು ಸಾಲಿಗೂ ತಪ್ಪು. ಎಂಟು ತಿಂಗಳಾದ ಮೇಲೆ ನನ್ನ ತಮ್ಮನೇ ಬರೆದ ಅಂತ ಎಷ್ಟು ಖುಷಿಪಟ್ಟೆ ಗೊತ್ತಾ? ಅದಕ್ಕೇ ನಂಬಿದೆ. ಬೇರೆ ಯಾವುದನ್ನೂ ನಂಬದವಳು ಅದೊಂದನ್ನ ನಂಬಿದೆ."

ಮೇಷ್ಟ್ರು ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದರು.

ಇನ್ಸ್‌ಪೆಕ್ಟರ್ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ನಿಜವಾದದ್ದರಲ್ಲಿ ಮಹಾಪ್ರಾಣಗಳು ಬಿದ್ದುಹೋಗಿದ್ದವು, ದೀರ್ಘಗಳು ಮಾತ್ರ ಈ ಸಲ ಹೇಗೋ ಉಳಿದಿದ್ದವು. ಭಯದಲ್ಲಿದ್ದವನು ಪ್ರತಿ ಅಕ್ಷರವನ್ನೂ ನೋಡಿ ನೋಡಿ ಒತ್ತಿದ್ದ. ಸುಳ್ಳಿನದರಲ್ಲಿ ಒಂದು ದೀರ್ಘವೂ ಉಳಿದಿರಲಿಲ್ಲ. ‘ನಾನು’ ಕೂಡ ‘ನನು’ ಆಗಿತ್ತು. ನಕಲು ಮಾಡುವ ಕೈ ಯಾವಾಗಲೂ ಉಪ್ಪನ್ನು ಒಂದು ಚಿಟಿಕೆ ಹೆಚ್ಚೇ ಹಾಕುತ್ತದೆ. ಫೈಲು ಹುಟ್ಟಿದ್ದು ಬುಧವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ, ಇದೇ ಕಂಪ್ಯೂಟರಿನಲ್ಲಿ.

"ಮೇಷ್ಟ್ರೇ, ಈ ಏಳು ಸಾಲಿನ ಆಜ್ಞೆ ಬರೆಯೋದು ನಿಮ್ಮಿಂದ ಆಗೋ ಕೆಲಸ ಅಲ್ಲ. ಯಾರು ಮಾಡಿಕೊಟ್ರು?"

ಮೇಷ್ಟ್ರು ಮುಖದ ಮೇಲಿನ ಕೈ ತೆಗೆಯಲಿಲ್ಲ.

"ಒಳಗೆ ಬಾರೇ," ಎಂದಳು ಅಕ್ಕ ಬಾಗಿಲ ಕಡೆಗೆ. "ಆವಾಗಿಂದ ಅಲ್ಲೇ ನಿಂತಿದ್ದೀಯ. ಚಪ್ಪಲಿ ಬಿಟ್ಟ ಸದ್ದು ಕೇಳಿಸ್ತು, ಹೆಜ್ಜೆ ಸದ್ದು ಕೇಳಿಸಲಿಲ್ಲ."

ಮಗಳು ಒಳಗೆ ಬಂದಳು. ಬೀದಿ ಮೂಲೆಯ ಡಿಟಿಪಿ ಅಂಗಡಿಯಲ್ಲಿ ಕೆಲಸ. ಬೆರಳ ತುದಿಗಳಲ್ಲಿ ಪ್ರಿಂಟರಿನ ಕಪ್ಪು. ಭುಜದ ಚೀಲವನ್ನು ಇಳಿಸದೆ ತಾಯಿಯ ಕುರ್ಚಿಯ ಬಳಿ ಮೊಣಕಾಲೂರಿದಳು.

"ಅಪ್ಪ ಕೇಳಿದ್ರು ಅಂತ ಮಾಡಿಕೊಟ್ಟೆ ಅಮ್ಮಾ. ಎಂಟು ತಿಂಗಳ ಹಿಂದೆ."

"ಕೊನೇದು?" ಎಂದಳು ಇನ್ಸ್‌ಪೆಕ್ಟರ್.

"ಅದೂ ನಾನೇ." ಅವಳು ತಾಯಿಯ ಸೆರಗಿನ ತುದಿ ಹಿಡಿದುಕೊಂಡಳು. "ಅಪ್ಪ ಬರೆದ ಹಾಗೆ ನೀಟಾಗಿ ಬರೆದರೆ ಅಮ್ಮನಿಗೆ ಗುಮಾನಿ ಬರುತ್ತೆ ಅಂತ ಬೇಕು ಬೇಕೂಂತ್ಲೇ ತಪ್ಪು ಹಾಕಿದೆ."

ಅಕ್ಕನ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಮಾತಲ್ಲ.

"ಮಾಮನೇ ಬರೆಸಿದ್ದು ಅಮ್ಮಾ!" ಮಗಳು ಅಳುತ್ತಲೇ ಹೇಳಿದಳು. "ನನ್ನ ಮಾತು ನಂಬು. ಯಾವತ್ತೂ ಫೋನ್ ಮಾಡದ ಮಾಮ ಅವತ್ತು ಮಾಡಿದ್ರು. ಊಟಕ್ಕೆ ಮನೆಗೆ ಬಂದಿದ್ದೆ, ನೀನು ಒಳಗೆ ಮಲಗಿದ್ದೆ. ‘ಬೆಳಿಗ್ಗೆ ಅವಸರದಲ್ಲಿ ಏನೋ ಬರೆದು ಕಳಿಸಿಬಿಟ್ಟೆ, ಅಕ್ಕ ಕೇಳಿದ್ರೆ ಎದೆ ಒಡ್ಕೋತಾಳೆ, ನಾಲ್ಕು ಗಂಟೆ ಒಳಗೆ ಬದಲಾಯಿಸು. ಚೆನ್ನಾಗಿದ್ದೀನಿ, ಬೇರೆ ಊರಲ್ಲಿ ಕೆಲಸ ಇದೆ ಅಂತ ಹಾಕು. ನಾನೇ ಹೊರಟು ಬರ್ತೀನಿ’ ಅಂದ್ರು. ಬರ್ತಾರೆ ಅಂತಲೇ ಕಾಯ್ತಿದ್ದೆ. ಸಂಜೆ ನೋಡಿದ್ರೆ... ನಾನು ಆ ಕಾಗದ ಹಾಗೇ ಬಿಟ್ಟಿದ್ರೆ ಅಪ್ಪ ಹೊರಟಿರೋರು. ಅದನ್ನ ಯಾವ ಬಾಯಲ್ಲಿ ಹೇಳಲಿ?"

ಅಕ್ಕ ಕೈ ಚಾಚಿ ಮಗಳ ತಲೆಯನ್ನು ಹುಡುಕಿ ಮುಟ್ಟಿದಳು. ಬಯ್ಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಕೈ ಸುಮ್ಮನೆ ಅಲ್ಲೇ ಇತ್ತು.

"ಫೋನ್ ಬಂದದ್ದು ಎಷ್ಟು ಗಂಟೆಗೆ?" ಇನ್ಸ್‌ಪೆಕ್ಟರ್ ಕೇಳಿದಳು.

ಮಗಳು ಮೊಬೈಲ್ ತೆಗೆದು ತೋರಿಸಿದಳು. ಬುಧವಾರ, ಮೂರು ಗಂಟೆ ಐದು ನಿಮಿಷ. ನಾಲ್ಕು ನಿಮಿಷದ ಮಾತು. ತಮ್ಮನ ನಂಬರ್ ಅಲ್ಲ, ಬೇರೆ ಯಾವುದೋ.

ಇನ್ಸ್‌ಪೆಕ್ಟರ್ ಚೀಲದಿಂದ ಕಡತ ತೆಗೆದು ಮೂರನೆಯ ಹಾಳೆ ತಿರುವಿದಳು. ಅಂಗಡಿಯ ಮ್ಯಾನೇಜರನ ಹೇಳಿಕೆ, ಅದರ ಕೆಳಗೆ ಇಬ್ಬರು ಸಾಕ್ಷಿಗಳ ಸಹಿ. ಲಿಫ್ಟ್ ಮೆಕ್ಯಾನಿಕ್ ಕಾಲು ಜಾರಿ ಬಿದ್ದದ್ದು ಮಧ್ಯಾಹ್ನ ಎರಡು ಗಂಟೆಗೆ. ಎರಡು ಗಂಟೆಗೆ ಬಿದ್ದು ಸತ್ತವನು ಮೂರು ಗಂಟೆ ಐದು ನಿಮಿಷಕ್ಕೆ ಮಾತಾಡಿದ್ದಾನೆ.

ಕಡತ ಮುಚ್ಚಿದಳು. ಈ ಸಹಿ ಇನ್ನು ಬೀಳುವುದಿಲ್ಲ.

"ಮಾಮ ಅಷ್ಟುದ್ದ ಮಾತಾಡಿದ್ರಾ? ಉಗ್ಗಿತ್ತಲ್ಲ ಅವರಿಗೆ?"

"ಮಾಮ ಒಂದೊಂದೇ ಪದ ಶುರು ಮಾಡ್ತಿದ್ರು, ಮುಂದಕ್ಕೆ ಹೋಗ್ತಿರಲಿಲ್ಲ. ಪಕ್ಕದಲ್ಲಿ ಯಾರೋ ಹುಡುಗಿ ಇದ್ದಳು. ಅವರು ಏನು ಹೇಳೋಕೆ ಹೊರಟಿದ್ದಾರೆ ಅಂತ ಅವಳಿಗೆ ಗೊತ್ತಿರ್ತಿತ್ತು. ಅವಳೇ ಪೂರ್ತಿ ಮಾಡ್ತಿದ್ದಳು." ಮಗಳು ಕಣ್ಣೊರೆಸಿಕೊಂಡಳು. "ತುಂಬ ಅಭ್ಯಾಸ ಇದ್ದವಳ ಹಾಗೆ."

"ಯಾವ ಹುಡುಗಿ?" ಎಂದಳು ಅಕ್ಕ. "ಅವನ ಜೊತೆ ಯಾರೂ ಇಲ್ಲ. ಮದುವೆಯೇ ಆಗದವನು ಅವನು."

ಮೇಷ್ಟ್ರೂ ತಲೆಯೆತ್ತಿದರು. ಅವರಿಗೂ ಗೊತ್ತಿರಲಿಲ್ಲ. ಆ ಮುಖದಲ್ಲಿ ಮುಚ್ಚಿಡುವ ಶಕ್ತಿ ಇನ್ನು ಉಳಿದಿರಲಿಲ್ಲ.

ಆ ನಂಬರನ್ನು ಮೊದಲು ಯಾರದೆಂದು ಪತ್ತೆ ಮಾಡಿಸಿ ಆಮೇಲೆ ಮುಟ್ಟಬೇಕು, ಕ್ರಮ ಅದು. ಇನ್ಸ್‌ಪೆಕ್ಟರಳಿಗೆ ಅದು ಚೆನ್ನಾಗಿ ಗೊತ್ತು. ಆದರೆ ಮೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು, ಮತ್ತು ಆರು ವಾರ ಆಗಲೇ ಕಳೆದಿತ್ತು. ಮಗಳ ಮೊಬೈಲಿನಿಂದಲೇ ಆ ನಂಬರ್ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು.

ಏಳು ಸಲ ರಿಂಗಾಯಿತು. ಎಂಟನೆಯದಕ್ಕೆ ಎತ್ತಿದರು.

ಆ ಕಡೆ ಮಾತಿಲ್ಲ. ಉಸಿರು ಮಾತ್ರ.

ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಅಕ್ಕ ಮುಂದಕ್ಕೆ ಬಾಗಿದಳು.

"ಯಾರಮ್ಮಾ ಅದು? ನಾನು... ನಾನು ಅವನ ಅಕ್ಕ."

ಆ ಕಡೆಯ ಉಸಿರು ಒಮ್ಮೆಲೇ ಬಿಚ್ಚಿಕೊಂಡಿತು. ಹದಿನಾರೋ ಹದಿನೇಳೋ ಇರಬಹುದಾದ ಹುಡುಗಿಯ ದನಿ.

"ಅತ್ತೆ?"

ಹುಟ್ಟಿದಾಗಿಂದ ಯಾರೂ ಅಕ್ಕನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಕರೆಯುವವರು ಇರಲೇ ಇಲ್ಲ. ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಮೇಷ್ಟ್ರು ನೆಲದಿಂದ ಎದ್ದು ಬಂದು ಆ ಕೈಯನ್ನು ಹಿಡಿದುಕೊಂಡರು.

"ಅತ್ತೆ, ಅಪ್ಪ ನಿಮ್ಮನೆ ಮುಟ್ಟಿದ ಮೇಲೆ ಫೋನ್ ಮಾಡ್ತೀನಿ, ಅಲ್ಲಿವರೆಗೂ ನೀನಾಗಿ ಯಾರಿಗೂ ಮಾಡಬೇಡ ಅಂದಿದ್ರು. ಅದಕ್ಕೇ ಕಾಯ್ತಾ ಇದೀನಿ. ಇಲ್ಲಿ ಮ್ಯಾನೇಜರ್ ಅಂಕಲ್ ದಿನಾ ಬಂದು ಹೇಳ್ತಾರೆ, ಅಪ್ಪ ಹುಷಾರಾಗಿದ್ದಾರೆ, ಹೊರಗೆ ಬರಬೇಡ ಅಂತ." ಹುಡುಗಿಯ ದನಿ ತಗ್ಗಿತು, ಅವಸರದ್ದಾಯಿತು. "ಅಪ್ಪ ಅಲ್ಲಿದ್ದಾರಾ ಅತ್ತೆ? ಒಂದು ಸಲ ಕೊಡಿ. ಅವರು ಮಾತಾಡದಿದ್ರೂ ಪರವಾಗಿಲ್ಲ, ನಾನೇ ಮಾತಾಡ್ತೀನಿ."